ಮೊದಲು ಮಾತಲ್ಲಿ ಹೇಳು

"ಒಡೆದ ಕೊಳಲು ಊದೋರಿಗೆ ಬುದ್ಧಿ ಹೇಳ್ತಂತೆ!"

ಗಾಯಕ ಇದನ್ನು ಮೆಲ್ಲಗೆ ಹೇಳಲಿಲ್ಲ. ಮೈಕಿಲ್ಲದೆ ರಂಗಮಂದಿರದ ಕೊನೆಯ ಸಾಲಿಗೆ ದನಿ ಮುಟ್ಟಿಸಿ ಅಭ್ಯಾಸವಾದವನು ಅವನು. ಟೀ ಕುಡಿಯುತ್ತಿದ್ದ ಮೇಳದವರೆಲ್ಲ ತಿರುಗಿ ನೋಡಿದರು. ಒಬ್ಬನಿಗೆ ಟೀ ನೆತ್ತಿಗೆ ಹತ್ತಿತು. ನಗು ಒಂದು ಮೇಜಿನಿಂದ ಇನ್ನೊಂದಕ್ಕೆ ಹಾರಿತು. ಎದುರಿಗೆ ನಿಂತಿದ್ದ ಮುದುಕಿಯ ಮುಖ ಮಾತ್ರ ಕದಲಲಿಲ್ಲ.

ಅವಳು ಆ ಒಪೆರಾ ಮಂದಿರದ ಪಿಯಾನೊದವಳು. ಅಭ್ಯಾಸದ ಹೊತ್ತಿನಲ್ಲಿ ಇಡೀ ವಾದ್ಯವೃಂದದ ಕೆಲಸವನ್ನು ಎರಡು ಕೈಯಲ್ಲಿ ಮಾಡುತ್ತಿದ್ದಳು. ಗಂಟಲಿನಿಂದ ಪಿಸುಮಾತಿನ ಹೊರತು ಏನೂ ಹೊರಡದ ಕಾರಣ ಎಲ್ಲರೂ ಅವಳನ್ನು ಪಿಸು ಅಜ್ಜಿ ಎನ್ನುತ್ತಿದ್ದರು. ಹೊಸದಾಗಿ ಸೇರಿದ ಗಾಯಕ ನೆಲಮಾಳಿಗೆಯ ಕೋಣೆಯಲ್ಲಿ ಹಾಡಿನ ಪಾಠ ಶುರುಮಾಡುತ್ತಾನೆಂದು ಕೇಳಿ ಅವನ ಮೇಜಿಗೆ ಬಂದಿದ್ದಳು.

"ಪಾಠ ಹೇಳು, ಬೇಡ ಅನ್ನಲ್ಲ. ಆದ್ರೆ ಬಾಯಿಂದ ಹಾಡಿ ತೋರಿಸ್ಬೇಡ. ಪಿಯಾನೊ ನುಡಿಸಿ ತೋರಿಸು, ಕೈ ಆಡಿಸಿ ತೋರಿಸು. ಆ ಕೋಣೇಲಿ ಗಂಟಲಿಂದ ತೋರಿಸಿದ್ದು ತೋರಿಸಿದವರ ಹತ್ರ ಉಳಿಯಲ್ಲ."

ಹಿಂದೆ ಆ ಕೋಣೆಯಲ್ಲಿ ಕಲಿಸುತ್ತಿದ್ದ ಮೇಡಂ ಒಬ್ಬಳ ಕತೆಯನ್ನೂ ಹೇಳಿದ್ದಳು. ಅವಳ ಶಿಷ್ಯೆ ದೊಡ್ಡ ಹೆಸರು ಮಾಡಿದಳಂತೆ. ಕಲಿಸಿದವರು ಯಾರೆಂದು ಕೇಳಿದವರಿಗೆ 'ಯಾರೂ ಇಲ್ಲ, ಹುಟ್ಟಿನಿಂದ ಬಂದದ್ದು' ಎಂದಳಂತೆ. ಮೇಡಂ ಮಾಟ ಮಾಡಿಸಿ ಪಿಯಾನೊದ ಹೊಟ್ಟೆಯಲ್ಲಿ ಇಟ್ಟಳು. ಶಿಷ್ಯೆಯನ್ನು ಅಕ್ಕರೆಯಿಂದ ಕರೆಸಿ, ಹೇಗೆ ಹಾಡ್ತೀಯೋ ಒಂದ್ಸಲ ತೋರಿಸಮ್ಮಾ ಎಂದಳು. ಅವಳು ಸಾಲು ಹೇಳಿ, ಹಾಡಿ ತೋರಿಸಿದಳು. ಮೇಡಂ ಅದನ್ನೇ ತಿರುಗಿ ಹೇಳಿ, ಹಾಡಿದಳು. ಅಲ್ಲಿಗೆ ಶಿಷ್ಯೆಯ ದನಿ ಮುಗಿಯಿತು. ಮೇಡಂ ಕೂಡ ಸಾಯುವವರೆಗೆ ಯಾರ ಹತ್ತಿರವೂ ಬಾಯಿ ಬಿಡಲಿಲ್ಲ.

ಗಾಯಕ ಕೊಳಲಿನ ಮಾತು ಅಂದದ್ದು ಆಗಲೇ. ಅದೂ ಸಾಲದೆ, "ನಿನ್ನ ಗಂಟಲು ಕೆಟ್ಟಿತು ಅಂತ ಎಲ್ಲರ ಗಂಟಲಿಗೂ ಬೀಗ ಹಾಕ್ತೀಯಾ ಅಜ್ಜಿ?" ಎಂದು ಸೇರಿಸಿದ.

ಪಿಸು ಅಜ್ಜಿ ತನ್ನ ಲೋಟ ಎತ್ತಿಕೊಂಡು, ಉತ್ತರ ಕೊಡದೆ ಹೋದಳು.

ಅವನಿಗೆ ಸಾಕಾಗಿತ್ತು. ಅವಳ ಮಾತಿಗಿಂತ ತನ್ನ ಬದುಕೇ ಸಾಕಾಗಿತ್ತು. ಕಾವಲುಗಾರ, ದೂತ, ವೈದ್ಯ, ಎರಡನೆಯ ಕಳ್ಳ. ಮಧ್ಯಂತರಕ್ಕೆ ಮೊದಲೇ ಸಾಯುವ ಪಾತ್ರಗಳು. ಒಂದು ಊರಿನಿಂದ ಇನ್ನೊಂದಕ್ಕೆ ರೈಲು, ಪರರ ಬೆವರು ಹೀರಿದ ದಿಂಬು, ಕುತ್ತಿಗೆಗೆ ಸದಾ ಮಫ್ಲರ್. ತಾಯಿ ಸತ್ತ ದಿನವೂ ಬಾಗಿಲು ತೆರೆದು 'ಪ್ರಭುಗಳು ಬಂದರು' ಎಂದು ಹಾಡಿ, ಬಾಗಿಲು ಮುಚ್ಚಿ, ಬಣ್ಣ ಒರೆಸಿಕೊಂಡಿದ್ದ. ಪಾತ್ರವಿಲ್ಲದ ತಿಂಗಳುಗಳಲ್ಲಿ ಪಾಠವೇ ಅನ್ನ. ರಂಗಮಂದಿರಗಳು ಗಾಯಕರನ್ನು ಕಬ್ಬಿನ ಹಾಗೆ ನುರಿಸುತ್ತವೆ. ರಸ ಕುಡಿದವರು ಸಿಪ್ಪೆಯ ಹೆಸರು ಕೇಳುವುದಿಲ್ಲ. ಈಗ ಕೂದಲು ನರೆತ ಮೇಲೆ, ಈ ಮಂದಿರ ಅವನಿಗೆ ಮುದಿ ರಾಜನ ಪಾತ್ರ ಕೊಟ್ಟಿತ್ತು. ಮೊದಲ ದೊಡ್ಡ ಪಾತ್ರ. ಬಹುಶಃ ಕೊನೆಯದೂ ಕೂಡ. ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಳ್ಳುವ ಜಾತಿಯವನಲ್ಲ ಅವನು.

ನೆಲಮಾಳಿಗೆಯ ಕೋಣೆಗೆ ಕಿಟಕಿಯಿರಲಿಲ್ಲ. ಹಗಲಲ್ಲೂ ಒಂದೇ ಬಲ್ಬು. ಅದರ ಬೆಳಕು ಪಿಯಾನೊದ ಮುಚ್ಚಳದವರೆಗೆ ಬಂದು ಸುಸ್ತಾಗಿ ನಿಲ್ಲುತ್ತಿತ್ತು. ತೇವದ ಗೋಡೆಯ ವಾಸನೆ, ಹುಳ ತಿಂದ ಉಣ್ಣೆಯ ವಾಸನೆ, ಅವೆರಡರ ಅಡಿಯಲ್ಲಿ ಇನ್ನೊಂದು. ಕೂದಲು ಸುಟ್ಟದ್ದೋ, ಆರಿದ ಮೇಣದ್ದೋ. ಥಂಡಿ ಓಡಿಸಲು ಮೂಲೆಯಲ್ಲಿ ಕಬ್ಬಿಣದ ಒಲೆ. ಬಾಗಿಲು ಹಾಕಿದರೆ ಸದ್ದೆಲ್ಲ ಹತ್ತಿಯಲ್ಲಿ ಬಿದ್ದ ಹಾಗೆ. ಗಾಯಕ ಒಮ್ಮೆ ಚಪ್ಪಾಳೆ ತಟ್ಟಿ ನೋಡಿದ. ಚಪ್ಪಾಳೆ ಹಿಂತಿರುಗಲಿಲ್ಲ.

"ಈ ಕೋಣೆಗೆ ಹೊಟ್ಟೆ ಇರೋದಂತೂ ನಿಜ," ಎಂದು ಒಬ್ಬನೇ ನಕ್ಕ.

ಮೊದಲ ಶಿಷ್ಯೆ ವೇಷದ ಕೋಣೆಯ ದರ್ಜಿಯ ಮಗಳು. ತಾಯಿ ತುಟಿಗಳ ನಡುವೆ ಗುಂಡುಸೂಜಿ ಸಾಲಾಗಿ ಕಚ್ಚಿಕೊಂಡೇ ಮಾತಾಡುವವಳು. ರಾಜನ ಮೇಲಂಗಿಯ ಅಂಚು ಅಳೆಯುತ್ತ ಅವನ ಕಾಲಬಳಿ ಮಂಡಿಯೂರಿದ್ದಾಗ ಕೇಳಿದ್ದಳು.

"ಮೇಷ್ಟ್ರೇ, ಮನೆ ತುಂಬಾ ನನ್ನ ಮಗಳದೇ ಬಾಯಿ. ಎದ್ದಾಗಿಂದ ಮಲಗೋವರೆಗೆ ವಟವಟ. ಆ ಬಾಯಿಗೆ ಒಂದಿಷ್ಟು ಹಾಡು ಹಾಕಿ."

"ಬಾಯಿ ತೆರೆಸೋಕೆ ಕಲಿಸ್ಲಾ, ಮುಚ್ಚಿಸೋಕಾ?"

"ಅಯ್ಯೋ, ಮುಚ್ಚಿಸ್ಬೇಡಿ! ಅವಳ ಸದ್ದಿಲ್ಲದಿದ್ರೆ ನನಗೆ ನಿದ್ದೆನೇ ಬರಲ್ಲ."

ಹುಡುಗಿಗೆ ಹದಿನಾರು. ಸಣ್ಣ ದನಿ, ತುದಿಯಲ್ಲಿ ಸ್ವಲ್ಪ ಒಡಕು. ಹಾಡಲು ನಿಂತರೆ ದವಡೆ ಬಿಗಿ. ಗಾಯಕ ತನ್ನ ಎಲ್ಲ ಶಿಷ್ಯರಿಗೂ ಹೇಳುವುದನ್ನೇ ಹೇಳಿದ: "ಮೊದಲು ಮಾತಲ್ಲಿ ಹೇಳು, ಆಮೇಲೆ ಹಾಡು. ಮಾತು ಸಡಿಲಾದ್ರೆ ಹಾಡು ತಾನಾಗೇ ಬರುತ್ತೆ." ಅವಳು ವಿಧೇಯಳಾಗಿ ಪ್ರತಿ ಸಾಲನ್ನೂ ಮೊದಲು ಮಾತಲ್ಲಿ ಹೇಳಿ, ಆಮೇಲೆ ಹಾಡುವುದನ್ನು ರೂಢಿ ಮಾಡಿಕೊಂಡಳು. ಆದರೂ ಉದ್ದ ಸ್ವರದಲ್ಲಿ ಉಸಿರು ಕಡಿಯುತ್ತಿತ್ತು. ಗಾಯಕ ಪಿಯಾನೊ ಬಾರಿಸಿದ. ಕೈ ಬೀಸಿದ. ತಾಳ್ಮೆ ಕೆಟ್ಟಿತು.

"ಹಾಗಲ್ಲ ಕಣಮ್ಮ. ಹೀಗೆ!"

ಬಾಯಿ ತಾನಾಗಿ ತೆರೆದುಕೊಂಡಿತು. ತಪ್ಪು ಸ್ವರ ಕೇಳಿದ ಗಾಯಕನ ಬಾಯಿಗೆ ಬೀಗ ಹಾಕಬಲ್ಲವರು ಯಾರು? ರಾಜನ ಪಾತ್ರದ ಕೊನೆಯ ಸಾಲನ್ನೇ ಎತ್ತಿಕೊಂಡ: 'ದೀಪ ಆರಿಸಿ, ನನಗೆ ದಾರಿ ಗೊತ್ತು.' ಮೇಲಿನ ಸ್ವರಕ್ಕೆ ಏರುವ ಮುನ್ನ ಅವನಿಗೊಂದು ಅಭ್ಯಾಸ. ಮೂಟೆ ಎತ್ತುವವನ ಹಾಗೆ ಸಣ್ಣದಾಗಿ 'ಹ್ಞ' ಎನ್ನುತ್ತಿದ್ದ. ಅಂದು ಕೂಡ ಅಂದ. ಸ್ವರ ತುಂಬಿ ಬಂತು. ಹುಡುಗಿ ಕಣ್ಣರಳಿಸಿ ಅದನ್ನೇ ತಿರುಗಿ ಹಾಡಿದಳು. ದನಿ ಕೊಂಚ ದಪ್ಪವಾಗಿ ಕೇಳಿತು, ಪರವಾಗಿಲ್ಲ ಎನಿಸಿತು.

ಮರುದಿನದ ಅಭ್ಯಾಸದಲ್ಲಿ ಆ ಸ್ವರ ಬರಲಿಲ್ಲ. ಬಾಯಿ ತೆರೆದ, ಗಾಳಿ ಬಂತು. ಪಿಯಾನೊದ ಹಿಂದಿನಿಂದ ಪಿಸು ಅಜ್ಜಿಯ ಕಣ್ಣುಗಳು ಮೇಲೆದ್ದವು. ಗಾಯಕ ಕೆಮ್ಮಿದ, ಧೂಳನ್ನು ಬೈದ. ಬಿಸಿನೀರಿನ ಹಬೆ ತೆಗೆದುಕೊಂಡ, ಜೇನು ನೆಕ್ಕಿದ. ದನಿ ಇನ್ನೂ ಇದೆ ಎಂಬ ಹಟಕ್ಕೆ ಮುಂದಿನ ಪಾಠದಲ್ಲಿ ಇನ್ನಷ್ಟು ಹಾಡಿ ತೋರಿಸಿದ. ಪ್ರತಿ ಪಾಠದ ಮರುದಿನ ಇನ್ನೊಂದು ಸಾಲು ಖಾಲಿ. ಬಾಡಿಗೆ ಮನೆಯಿಂದ ಒಂದೊಂದೇ ಸಾಮಾನು ಎತ್ತಿಕೊಂಡು ಹೋದ ಹಾಗೆ. ಪ್ರದರ್ಶನ ಹತ್ತಿರ ಬಂದಿತ್ತು. ನಿರ್ದೇಶಕ ಬೇರೆಯವನನ್ನು ವಿಚಾರಿಸುತ್ತಿದ್ದಾನೆಂಬ ಸುದ್ದಿಯೂ ಕಿವಿಗೆ ಬಿತ್ತು.

ಒಂದು ಮಧ್ಯಾಹ್ನ ಪಾಠದಲ್ಲಿ ಹುಡುಗಿ ಹಾಡಲು ಬಾಯಿ ತೆರೆದಳು.

'ಹ್ಞ.'

ಗಾಯಕನ ಬೆರಳು ಪಿಯಾನೊದ ಮನೆಗಳ ಮೇಲೆ ನಿಂತುಬಿಟ್ಟಿತು. ಆ ತೆಳ್ಳಗಿನ ಕೊರಳಿನಿಂದ ಹೊರಬಂದದ್ದು ನರೆತ ಗಂಡಸಿನ ದನಿ. ಅವನದೇ ದನಿ. ಅವನ ಸಿಗರೇಟು, ಅವನ ರೈಲುಗಳು, ಅವನ ವಯಸ್ಸು. ಹುಡುಗಿಯ ಕುತ್ತಿಗೆಯ ನರಗಳು ಹಗ್ಗದ ಹಾಗೆ ಉಬ್ಬಿದ್ದವು. ಹಾಡು ಮುಗಿದೊಡನೆ ಅವಳು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು.

"ಮೇಷ್ಟ್ರೇ, ಹಾಡಿದ್ರೆ ಇದೇ ಬರ್ತಿದೆ. ನನ್ನದು ಬರ್ತಿಲ್ಲ. ಅಮ್ಮನಿಗೆ ಹೇಳೋಕೆ ಭಯ. ತೆಗೀರಿ ಇದನ್ನ."

ಅವನು ಮೆಟ್ಟಿಲು ಹತ್ತಿ ಓಡಿದ. ಖಾಲಿ ವೇದಿಕೆಯ ಮೇಲೆ ಪಿಸು ಅಜ್ಜಿ ಪಿಯಾನೊದ ಧೂಳು ಒರೆಸುತ್ತಿದ್ದಳು. ಅವನ ಮುಖ ನೋಡಿದ್ದೇ ಬಟ್ಟೆ ಕೆಳಗಿಟ್ಟಳು.

"ಆ ಶಿಷ್ಯೆ ನೀನೇ ತಾನೆ?" ಎಂದ.

"ನಾನೇ."

"ಏನ್ ಮಾಡ್ಲಿ?"

"ಪಿಯಾನೊ ಕೆಳಗಿನ ಹಲಗೆ ತೆಗೆದು, ಅಲ್ಲಿರೋದನ್ನ ಸುಟ್ಟುಬಿಡು. ಮಾಟ ಕೆಡುತ್ತೆ. ಆದ್ರೆ ಯಾರ ದನಿ ಎಲ್ಲಿದೆಯೋ ಅಲ್ಲೇ ಉಳಿಯುತ್ತೆ."

"ನೀನ್ಯಾಕೆ ಸುಡ್ಲಿಲ್ಲ?"

"ಆ ಬಾಗಿಲ ಹತ್ರ ಹೋದ್ರೆ ಇವತ್ತಿಗೂ ನನ್ನ ಕಾಲು ಏಳಲ್ಲ." ಅವಳು ಅವನ ತೋಳು ಹಿಡಿದಳು. "ಮಗೂನ ಹಾಡಿ ತೋರಿಸು ಅಂತ ಕೇಳ್ಬೇಡ. ಅವಳಿಗೂ ಮಾತಿದೆ, ನಿನಗೂ ಮಾತಿದೆ. ಅಷ್ಟರಲ್ಲೇ ನಿಲ್ಲಿಸು."

"ನನ್ನ ರಾಜನ ಪಾತ್ರ?"

"ನಾನು ರಾಣಿಯಾಗಿದ್ದೆ," ಎಂದಳು ಪಿಸು ಅಜ್ಜಿ.

ಅವನು ತೋಳು ಬಿಡಿಸಿಕೊಂಡ. ಕದಿಯುತ್ತಿಲ್ಲವಲ್ಲ, ತನ್ನದನ್ನು ತಾನು ವಾಪಸ್ ಕೇಳಿದರೆ ತಪ್ಪೇನು? ಹುಡುಗಿಯೂ ತೆಗೀರಿ ಅಂದಿದ್ದಾಳೆ. ಕೆಳಗಿಳಿಯುತ್ತ ಮೆಟ್ಟಿಲ ತುಂಬ ಇದನ್ನೇ ತನಗೆ ತಾನು ಹೇಳಿಕೊಂಡ.

ಬಾಗಿಲು ಹಾಕಿದ. ಒಲೆಯಲ್ಲಿ ಕೆಂಡ ಉಸಿರಾಡುತ್ತಿತ್ತು.

"ಈಗ ನೀನು ಮೇಷ್ಟ್ರು, ನಾನು ಶಿಷ್ಯ. ನಾನು ಕಲಿಸಿದ್ದನ್ನೆಲ್ಲ ಒಂದೊಂದೇ ಸಾಲು ನನಗೆ ತೋರಿಸು. ಹೆದರ್ಬೇಡ."

ಹುಡುಗಿ ಪಕ್ಕೆಲುಬಿನ ಮೇಲೆ ಕೈಯಿಟ್ಟು ನೆಟ್ಟಗೆ ನಿಂತಳು. ಅವನು ಕಲಿಸಿದ ಹಾಗೆಯೇ. ಒಳ್ಳೆಯ ಶಿಷ್ಯೆ. ಮೊದಲು ಮಾತಲ್ಲಿ ಹೇಳಿದಳು, ತನ್ನದೇ ಸಣ್ಣ ಒಡಕು ದನಿಯಲ್ಲಿ: "ದೀಪ ಆರಿಸಿ, ನನಗೆ ದಾರಿ ಗೊತ್ತು."

ಅವನೂ ಅದನ್ನು ಹಿಂದಿನಿಂದ ಗೊಣಗಿದ. ಅವಸರ. ಅವನಿಗೆ ಬೇಕಿದ್ದದ್ದು ಮಾತಲ್ಲ, ಸ್ವರ.

ಆಮೇಲೆ ಅವಳು ಹಾಡಿದಳು. ಅವನು ತಿರುಗಿ ಹಾಡಿದ. ಎದೆಯೊಳಗೆ ಏನೋ ಧಪ್ಪೆಂದು ಬಂದು ಕೂತಿತು. ಬಂತು! ಕೈಸನ್ನೆ ಮಾಡಿದ, ಮುಂದಿನದು. ಅವಳು ಮಾತಲ್ಲಿ ಹೇಳಿದಳು. ಅವನು ಗೊಣಗಿದ. ಅವಳು ಹಾಡಿದಳು. ಅವನು ಹಾಡಿದ. ಇನ್ನೊಂದು. ಮತ್ತೊಂದು. ಬಲ್ಬು ಮಿಣುಕಿತು. ಸುಟ್ಟ ಕೂದಲಿನ ವಾಸನೆ ಗಂಟಲಿಗೆ ಅಡರಿತು. ಪಿಯಾನೊದ ತಂತಿಗಳು ಯಾರೂ ಮುಟ್ಟದೆ ಗುಂಯ್ಗುಟ್ಟುತ್ತಿದ್ದವು. ಸಾಲಿನಿಂದ ಸಾಲಿಗೆ ಹುಡುಗಿಯ ಮಾತು ತೆಳ್ಳಗಾಗುತ್ತಿತ್ತು. ಅವನು ಗಮನಿಸಲಿಲ್ಲ. ಕೊನೆಯ ಸಾಲಿಗೆ ಅವಳ ತುಟಿ ಮಾತ್ರ ಅಲ್ಲಾಡಿತು. ಅದನ್ನೂ ಗಮನಿಸಲಿಲ್ಲ. ಅವನು ಕಣ್ಣು ಮುಚ್ಚಿ ಹಾಡುತ್ತಿದ್ದ. 'ಹ್ಞ' ಎಂದ. ಮೇಲಿನ ಸ್ವರ ಇಡೀ ಕೋಣೆಯನ್ನು ತುಂಬಿತು.

ಎಲ್ಲ ಬಂದಿತ್ತು.

ಇನ್ನು ಯಾರೂ ಇದನ್ನು ಕಸಿಯಬಾರದು. ಮೊಣಕಾಲೂರಿ ಪಿಯಾನೊದ ಕೆಳಗಿನ ಹಲಗೆ ಕಿತ್ತ. ಕತ್ತಲೊಳಗೆ ಕೈ ಹಾಕಿದ. ಮೆತ್ತಗೆ, ತಣ್ಣಗೆ, ಏನೋ ಸಿಕ್ಕಿತು. ನಾಲಿಗೆಯ ಆಕಾರದ ಮೇಣದ ಉಂಡೆ. ಉದ್ದ ಕೂದಲು ಸುತ್ತಿತ್ತು. ಮೈಯೆಲ್ಲ ಸೂಜಿ. ಒಂದು ಅವನ ಹೆಬ್ಬೆರಳಿಗೆ ಇಳಿಯಿತು. ಒಲೆಗೆ ಎಸೆದ. ಮೇಣ ಕಿರುಚಿತು. ಹೌದು, ಕಿರುಚಿತು. ನೀಲಿ ಜ್ವಾಲೆ ಎದ್ದು, ಬಿದ್ದು, ಸತ್ತಿತು. ಕೋಣೆಯೊಳಗೆ ಮೊದಲ ಬಾರಿಗೆ ಅವನ ಉಸಿರಿನ ಸದ್ದು ಗೋಡೆಗೆ ಬಡಿದು ಹಿಂತಿರುಗಿತು.

ಹುಡುಗಿಯ ಕಡೆ ತಿರುಗಿದ.

"ಮುಗೀತು ಮಗು. ಮನೆಗೆ ಹೋಗು."

ಆ ಮಾತು ಹೇಳಿದ್ದು ಸಣ್ಣ ದನಿ. ತುದಿಯಲ್ಲಿ ಸ್ವಲ್ಪ ಒಡಕು.

ಅವನು ಬಾಯಿ ಮುಚ್ಚಿದ. ಎದುರಿಗೆ ಹುಡುಗಿ ಬಾಯಿ ತೆರೆದಿದ್ದಳು. ನಾಲಿಗೆ ಆಡುತ್ತಿತ್ತು. ಕುತ್ತಿಗೆ ಉಬ್ಬುತ್ತಿತ್ತು. ಸದ್ದಿಲ್ಲ. ಒಂದು ಎಳೆಯೂ ಇಲ್ಲ. ಅವಳ ಕಣ್ಣುಗಳು ಅವನ ಗಂಟಲ ಮೇಲೆ ನೆಟ್ಟಿದ್ದವು. ಒಲೆಯಲ್ಲಿ ಬೂದಿ ಕುಸಿಯಿತು.

ರಾಜನ ಪಾತ್ರ ಗೆದ್ದಿತು. ಹಾಡಿದರೆ ಅವನದೇ ದನಿ, ಹಿಂದೆಂದೂ ಇಲ್ಲದಷ್ಟು ದಟ್ಟ. ಪ್ರದರ್ಶನಕ್ಕೆ ಮೊದಲು ಅವನು ಯಾರೊಡನೆಯೂ ಮಾತಾಡಲಿಲ್ಲ. "ದೊಡ್ಡ ಗಾಯಕರು ಹೀಗೇ, ಗಂಟಲು ಉಳಿಸ್ತಾರೆ," ಎಂದು ನಿರ್ದೇಶಕ ಮೇಳದವರಿಗೆ ಹೆಮ್ಮೆಯಿಂದ ಹೇಳಿದ. 'ದೀಪ ಆರಿಸಿ' ಎಂದಾಗ ದೀಪ ಆರಿತು. ಕತ್ತಲಲ್ಲಿ ಚಪ್ಪಾಳೆ ಅಲೆಯಲೆಯಾಗಿ ಬಂತು. ಜೀವಮಾನವೆಲ್ಲ ಕಾದದ್ದು ಅದಕ್ಕೇ. ಅವನಿಗೆ ಮಲಗಬೇಕು ಅನ್ನಿಸಿತು, ಅಷ್ಟೇ.

ವೇಷದ ಕೋಣೆಯ ಓಣಿಯಲ್ಲಿ ದರ್ಜಿ ಕಾಯುತ್ತಿದ್ದಳು. ಅಂದು ಅವಳ ತುಟಿಯಲ್ಲಿ ಸೂಜಿಗಳಿರಲಿಲ್ಲ. ಹೂಗುಚ್ಛ ಹಿಡಿದು ನಗುತ್ತಿದ್ದ ಮೇಳದವರು ಅವಳನ್ನು ನೋಡಿ ಪಕ್ಕಕ್ಕೆ ಸರಿದರು. ಕೊಳಲಿನ ಮಾತಿಗೆ ಟೀ ಲೋಟ ಹಿಡಿದು ನಕ್ಕವರೇ ಎಲ್ಲರೂ. ಹಿಂದೆ, ಗೋಡೆಗೆ ಒರಗಿ, ಪಿಸು ಅಜ್ಜಿ.

"ಮೇಷ್ಟ್ರೇ, ನಿಮ್ಮ ಪಾಠದಿಂದ ಬಂದಾಗಿಂದ ಮಗು ಮಾತಾಡ್ತಿಲ್ಲ." ದರ್ಜಿ ಅವನ ಕಾಲಬಳಿ ಮಂಡಿಯೂರಿದಳು, ಅಂಚು ಅಳೆಯುವಾಗ ಕೂತ ಹಾಗೆಯೇ. "ಡಾಕ್ಟ್ರು ಗಂಟಲಲ್ಲಿ ಏನೂ ದೋಷವಿಲ್ಲ ಅಂತಾರೆ. ನಿಮ್ಮ ಹೆಸರು ಹೇಳಿದ್ರೆ ಅಳ್ತಾಳೆ. ಏನಾಯ್ತು ಅಲ್ಲಿ? ಮನೇಲಿ ಸದ್ದೇ ಇಲ್ಲ ಮೇಷ್ಟ್ರೇ. ಏನಾದ್ರೂ ಹೇಳಿ. ಬೈದಾದ್ರೂ ಹೇಳಿ."

ಅವನ ಗಂಟಲೊಳಗೆ ಏನೋ ಎಚ್ಚರವಾಯಿತು. ದಿನವೂ ಆ ಹೆಂಗಸಿನ ಸುತ್ತ ವಟಗುಟ್ಟಿ ಬೆಳೆದದ್ದು ಅದು. ಅವಳನ್ನು ಕಂಡೊಡನೆ ಮೇಲೇರಿ ಬಂತು. ನಾಲಿಗೆಯ ಬುಡಕ್ಕೆ ಬಂತು. ಹಲ್ಲಿಗೆ ಬಂದು ಒದೆಯಿತು. ಒಂದೇ ಪದ. ತುಟಿ ಬಿಟ್ಟರೆ 'ಅಮ್ಮಾ' ಎಂದು ಇಡೀ ಓಣಿಗೆ ಕೇಳುವ ಹಾಗೆ ಕೂಗುತ್ತಿತ್ತು.

ಅವನು ದವಡೆ ಬಿಗಿದ. ಹಲ್ಲಿನ ಸಂದಿಯಲ್ಲಿ ರಕ್ತದ ರುಚಿ. ದರ್ಜಿಯ ಮೊಣಕಾಲಿನಡಿ ಸಿಕ್ಕಿದ್ದ ಮೇಲಂಗಿಯ ಅಂಚನ್ನು ಮೆಲ್ಲಗೆ ಎಳೆದುಕೊಂಡ. ಅವಳೇ ಹಾಕಿದ ಹೊಲಿಗೆ ಒಂದೊಂದಾಗಿ ಬಿಚ್ಚಿತು. ಅವಳು ಇನ್ನೂ ಮುಖವೆತ್ತಿ ಕಾಯುತ್ತಿದ್ದಳು. ಗಾಯಕ ಅವಳ ಪಕ್ಕದಿಂದ ಸುತ್ತಿಕೊಂಡು, ಮೇಳದವರನ್ನು ದಾಟಿ, ಪಿಸು ಅಜ್ಜಿಯ ಕಣ್ಣು ತಪ್ಪಿಸಿ, ಉತ್ತರ ಕೊಡದೆ ನಡೆದು ಹೋದ.