ಲಕೋಟೆಯೊಳಗಿನ ಅಗುಳು

“ಆ ಲಕೋಟೆ ಬಾಯಿ ಬಿಡಿಸಿ ನೋಡಿ ಮೇಡಂ! ಒಳಗೆ ಅನ್ನದ ಅಗುಳು ಅಂಟಿದೆ!”

ಹಾಗೆ ಕೂಗಿದವನು ದಯಾನಂದ್. ತಿಪಟೂರಿನಲ್ಲಿ ಕೋಚಿಂಗ್ ಸೆಂಟರ್ ನಡೆಸುವ ಮೇಷ್ಟ್ರು. ಆಗಷ್ಟೇ ಟಿವಿ ಕ್ವಿಜ್‌ನಲ್ಲಿ ಸೋತಿದ್ದ.

ನಿರೂಪಕಿ ಸೌಂದರ್ಯ ಮೇಜಿನ ಮೇಲೆ ಬಾಯಿ ಕೆಳಗಾಗಿ ಬಿದ್ದಿದ್ದ ಲಕೋಟೆಯನ್ನು ಎತ್ತಿದಳು. ಕೊನೆಯ ಪ್ರಶ್ನೆ ಇದ್ದ ಲಕೋಟೆ ಅದು. ಅಂಟಿದ್ದ ಬಾಯಿಯನ್ನು ಉಗುರಿನಿಂದ ಬಿಡಿಸಿದಳು. ಎರಡು ಅಗುಳು ಚಪ್ಪಟೆಯಾಗಿ ಕಾಗದಕ್ಕೆ ಕಚ್ಚಿಕೊಂಡಿದ್ದವು. ಯಾರೋ ಲಕೋಟೆಯನ್ನು ಮೊದಲೇ ಬಿಚ್ಚಿ, ಅನ್ನ ಒತ್ತಿ ಮತ್ತೆ ಅಂಟಿಸಿದ್ದರು.

“ಇಲ್ಲಿಗೆ ಅನ್ನ ತಂದೋರು ಒಬ್ರೇ,” ಎಂದ ದಯಾನಂದ್. ಅವನ ಬೆರಳು ಗೆದ್ದಿದ್ದ ಸುನಂದಾಳ ಕಡೆ ತಿರುಗಿತು. ಕ್ಯಾಮೆರಾ ಇನ್ನೂ ಓಡುತ್ತಿತ್ತು.

ಸಬ್ ಇನ್‌ಸ್ಪೆಕ್ಟರ್ ಪುಟ್ಟಗಂಗಮ್ಮ ಇದನ್ನೆಲ್ಲ ನೋಡಿದ್ದು ಒಂದು ಗಂಟೆಯ ನಂತರ, ಶೂಟಿಂಗ್ ನಡೆದ ಕಲ್ಯಾಣಮಂಟಪದಲ್ಲಿ, ಪುಟ್ಟ ಪರದೆಯ ಮೇಲೆ. ಅಷ್ಟರಲ್ಲಿ ಊರೆಲ್ಲ ನೋಡಿಯಾಗಿತ್ತು. ಕಾರ್ಯಕ್ರಮದ ನಿರ್ಮಾಪಕ ಸಿದ್ದಾರ್ಥ್ ಆ ಬೆರಳು ತೋರಿಸುವ ತುಣುಕನ್ನು ಚಾನೆಲ್ಲಿನ ಪೇಜಿಗೆ ಹಾಕಿಬಿಟ್ಟಿದ್ದ. ಕೆಳಗೆ ಒಂದು ಸಾಲು: ‘ಕ್ವಿಜ್‌ನಲ್ಲಿ ಕಳ್ಳಾಟ? ಭಾನುವಾರ ನೋಡಿ.’

“ದೂರು ಕೊಡೋಕೆ ಮುಂಚೆ ಡಂಗುರ ಹೊಡೆದ್ರಾ?” ಎಂದಳು ಗಂಗಮ್ಮ.

“ಪ್ರೋಮೋ ಮೇಡಂ.”

ಗಂಗಮ್ಮನಿಗೆ ಮೈ ಉರಿಯಿತು. ಒಬ್ಬ ಹೆಂಗಸಿನ ಮಾನ ಇವನಿಗೆ ಪ್ರೋಮೋ.

* * *

ಸ್ಪರ್ಧಿಗಳು ಮೂರು ಜನ, ಮೂರು ತಾಲ್ಲೂಕಿನವರು. ಸುನಂದಾ ಚಿಕ್ಕನಾಯಕನಹಳ್ಳಿ ಕಡೆಯ ಅಂಗನವಾಡಿ ಟೀಚರ್. ನಿಸರ್ಗ ತುರುವೇಕೆರೆಯ ಕಾಲೇಜು ಹುಡುಗಿ. ಮೂರನೆಯವನು ದಯಾನಂದ್. ಪ್ರೇಕ್ಷಕರು ಯಾರೂ ಇರಲಿಲ್ಲ. ಚಪ್ಪಾಳೆಯನ್ನು ಆಮೇಲೆ ಸೇರಿಸುತ್ತಾರಂತೆ. ಉಳಿದವರೆಲ್ಲ ಬೆಂಗಳೂರಿನಿಂದ ಬಂದ ಟಿವಿಯವರು. ಮಧ್ಯಾಹ್ನದ ಬಿಡುವಿನಲ್ಲಿ ಅವರು ವ್ಯಾನಿನ ಹತ್ತಿರ ಹೋಗಿದ್ದರು. ಲಕೋಟೆ ಅರ್ಧ ಗಂಟೆ ವೇದಿಕೆಯ ಮೇಜಿನ ಮೇಲೆ ಕಾವಲಿಲ್ಲದೆ ಬಿದ್ದಿತ್ತು.

ಸುನಂದಾ ಗೋಡೆಗೆ ಒರಗಿ ನಿಂತಿದ್ದಳು. ಕೈಯಲ್ಲಿ ಫೋನು. ಅದು ಬಿಟ್ಟೂಬಿಡದೆ ನಡುಗುತ್ತಿತ್ತು.

“ಡಬ್ಬಿ ತಂದಿದ್ದು ನಿಜನೇನಮ್ಮ?”

“ನಿಜ ಮೇಡಂ. ಅನ್ನ, ಉಪ್ಸಾರು. ಇವರ ಊಟ ಬರೋದು ತಡ ಆಯ್ತು. ದಯಣ್ಣ ಹೊಟ್ಟೆ ಹಸಿತೈತೆ ಅಂದ್ರು. ಮುಚ್ಚಳದಾಗೆ ಹಾಕ್ಕೊಟ್ಟೆ. ನಿಸರ್ಗಂಗೂ ಒಂಚೂರು ಕೊಟ್ಟೆ. ಆಮೇಲೆ ಡಬ್ಬಿ ತೊಳೆಯಾಕೆ ನಲ್ಲಿ ತಾವ ಹೋದೆ.”

“ಲಕೋಟೆ ಮುಟ್ಟಿದ್ಯಾ?”

“ನನ್ನ ಮಕ್ಕಳಾಣೆಗೂ ಇಲ್ಲ.” ಅವಳು ಫೋನು ಮುಂದೆ ಹಿಡಿದಳು. “ಸೂಪರ್‌ವೈಸರ್ ಫೋನ್ ಮಾಡಿದ್ರು ಮೇಡಂ. ನಾಳೆಯಿಂದ ಅಂಗನವಾಡಿಗೆ ಬರಬ್ಯಾಡ, ಭಾನುವಾರ ಕಾರ್ಯಕ್ರಮ ನೋಡಿ ತೀರ್ಮಾನ ಮಾಡ್ತೀವಿ ಅಂದ್ರು. ಹನ್ನೊಂದು ವರ್ಷದ ಕೆಲ್ಸ. ಕಳ್ಳಿ ಕೈಗೆ ಮಕ್ಕಳನ್ನ ಯಾರ್ ಕೊಡ್ತಾರೆ?”

ದಯಾನಂದ್ ಬೇರೆಯೇ ಹೇಳಿದ. ಇಸ್ತ್ರಿ ಮಾಡಿದ ಅಂಗಿಯ ತೋಳು ಸರಿಪಡಿಸಿಕೊಳ್ಳುತ್ತಾ ಹೇಳಿದ.

“ನಾನು ಅವರ ಡಬ್ಬಿ ಅನ್ನ ತಿನ್ನೋನಾ ಮೇಡಂ? ಕಂಡೋರ ಮನೇದು ನಾನು ಮುಟ್ಟಲ್ಲ.”

ಆ ಮಾತು ಗಂಗಮ್ಮನ ಕಿವಿಗೆ ಸೀಸ ಹುಯ್ದಂತೆ ಆಯಿತು. ಅವಳ ತಾಯಿ ಕೆಂಕೆರೆಯಲ್ಲಿ ಕಂಡವರ ತೋಟದ ಕಾಯಿ ಸುಲಿದು ಅವಳನ್ನು ಓದಿಸಿದ್ದಳು. ಇಂಥ ದನಿಯನ್ನು ಗಂಗಮ್ಮ ಚಿಕ್ಕಂದಿನಿಂದ ಕೇಳಿ ಬಲ್ಲಳು. ಆದರೆ ಸಿಟ್ಟು ಸಾಕ್ಷಿಯಲ್ಲ. ಅವಳು ಹಲ್ಲು ಕಚ್ಚಿ ನಿಸರ್ಗಳ ಕಡೆ ತಿರುಗಿದಳು.

ನಿಸರ್ಗ ಬೆವರುತ್ತಿದ್ದಳು. ವೇದಿಕೆ ಹತ್ತಿರ ಹೋಗಲೇ ಇಲ್ಲ ಎಂದಳು. ಲೈಟಿನವನೊಬ್ಬ ದೂರದಿಂದಲೇ ಹೇಳಿದ: “ಸುಳ್ಳು. ಬಿಡುವಿನಲ್ಲಿ ನಾನು ವೈರ್ ತಗೊಳ್ಳೋಕೆ ಬಂದಾಗ ಆ ಹುಡುಗಿ ಮೇಜಿನ ಹತ್ತಿರಾನೇ ಇತ್ತು.”

ಗಂಗಮ್ಮ ಅವಳನ್ನು ಪಕ್ಕಕ್ಕೆ ಕರೆದಳು. “ನಿಜ ಹೇಳೇ.”

ಹುಡುಗಿ ಫೋನು ತೆಗೆದು ತೋರಿಸಿದಳು. ನಿರೂಪಕಿಯ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತ ಹದಿನಾಲ್ಕು ಸೆಲ್ಫಿ. “ಬೈತಾರೆ ಅಂತ ಸುಳ್ಳು ಹೇಳ್ದೆ ಮೇಡಂ.”

“ಸುನಂದಾ ದಯಾನಂದ್‌ಗೆ ಅನ್ನ ಕೊಟ್ಟಿದ್ದು ನೋಡಿದ್ಯಾ?”

“ನೋಡಿದೆ. ಮುಚ್ಚಳ ಇಸ್ಕೊಂಡ್ರು. ತಿಂದ್ರೋ ಇಲ್ವೋ ಗೊತ್ತಿಲ್ಲ. ನಾನು ಸೆಲ್ಫಿಗೆ ಓಡಿದೆ. ಅದು ಮುಗಿಸಿ ಹೊರಗೆ ಹೋದೆ.”

* * *

ಗಂಗಮ್ಮ ಕೊನೆಯ ಪ್ರಶ್ನೆಯ ಚಿತ್ರೀಕರಣವನ್ನು ಮತ್ತೆ ಹಾಕಿಸಿದಳು.

ಅದಕ್ಕೆ ಮುಂಚೆ ಸುನಂದಾಗೆ ಎಪ್ಪತ್ತು ಅಂಕ, ದಯಾನಂದ್‌ಗೆ ಅರವತ್ತು, ನಿಸರ್ಗಳಿಗೆ ನಲವತ್ತು. ಕೊನೆಯ ಪ್ರಶ್ನೆಗೆ ಮೂವತ್ತು. ಸೌಂದರ್ಯ ಲಕೋಟೆಯ ಅಂಚನ್ನು ಕತ್ತರಿಯಿಂದ ಕತ್ತರಿಸಿ ಚೀಟಿ ಎಳೆದಳು. ಲಕೋಟೆಯನ್ನು ಮೇಜಿನ ಮೇಲೆ ಬಾಯಿ ಕೆಳಗಾಗಿ ಇಟ್ಟಳು.

“ತಿಪಟೂರಿನ ಉಂಡೆ ಕೊಬ್ಬರಿ ತಯಾರಾಗುವುದು ಎಲ್ಲಿ? ಕಣದಲ್ಲೋ, ಅಟ್ಟದಲ್ಲೋ, ಗಾಣದಲ್ಲೋ?”

ಮೂವರೂ ಒಟ್ಟಿಗೆ ಸ್ಲೇಟಿನ ಮೇಲೆ ಬರೆದರು. ಸುನಂದಾ: ಅಟ್ಟ. ನಿಸರ್ಗ: ಅಟ್ಟ. ದಯಾನಂದ್: ಕಣ.

ಸೌಂದರ್ಯ ಚೀಟಿ ನೋಡಿದಳು. “ಸರಿ ಉತ್ತರ, ಕಣ! ಕಾಯಿ ಒಡೆದು ಕಣದಲ್ಲಿ ಒಣಗಿಸುತ್ತಾರೆ. ದಯಾನಂದ್ ವಿಜೇತರು!”

ಸುನಂದಾ ದಡಕ್ಕನೆ ಎದ್ದು ನಿಂತಳು. “ತಪ್ಪು ಕಣಮ್ಮ! ಒಡೆದ ಕಾಯಿ ಉಂಡೆ ಹೆಂಗಾದೀತು? ಇಡೀ ಕಾಯಿ ಅಟ್ಟದಾಗೆ ವರ್ಷಗಟ್ಟಲೆ ಇದ್ದು, ನೀರಿಂಗಿ, ಒಳಗೊಳಗೇ ಒಣಗಬೇಕು!” ನಿಸರ್ಗಳೂ ದನಿಗೂಡಿಸಿದಳು. ಸಿದ್ದಾರ್ಥ್ ಪ್ರಶ್ನೆ ಬರೆದವರಿಗೆ ಫೋನ್ ಮಾಡಿದ. ಅವರು ತಪ್ಪೊಪ್ಪಿಕೊಂಡರು. ಅಟ್ಟವೇ ಸರಿ. ಸುನಂದಾಗೆ ನೂರಾಯಿತು. ದಯಾನಂದ್ ಅರವತ್ತಕ್ಕೇ ನಿಂತ. ಅವನ ಮುಖ ಹುಳ್ಳಗಾಯಿತು. ಮರುಕ್ಷಣವೇ ಆ ಕೂಗು.

“ನಾನು ಹೇಳೋದು ಇಷ್ಟೇ ಮೇಡಂ,” ಎಂದ ಸಿದ್ದಾರ್ಥ್. “ಆಕೆ ಮೊದಲೇ ಚೀಟಿ ನೋಡಿದ್ದಾಳೆ. ನಮ್ಮ ಉತ್ತರ ತಪ್ಪಿರೋದೂ ನೋಡಿದ್ದಾಳೆ. ಅದಕ್ಕೇ ಅಷ್ಟು ಧೈರ್ಯವಾಗಿ ಗಲಾಟೆ ಮಾಡಿದ್ದು.”

“ಈ ಸೀಮೆ ಹೆಂಗಸು ಕೊಬ್ಬರಿ ಎಲ್ಲಾಗುತ್ತೆ ಅಂತ ಹೇಳೋಕೆ ಚೀಟಿ ಕದೀಬೇಕೇನ್ರೀ?” ಗಂಗಮ್ಮ ದಯಾನಂದ್‌ನ ಕಡೆ ನೋಡಿದಳು. “ನೀವು ತಿಪಟೂರಿನೋರು. ಕಣ ಅಂತ ಬರೆದ್ರಲ್ಲ?”

ಅವನು ನಕ್ಕ. “ನಾನು ಹಾಸ್ಟೆಲ್ಲಲ್ಲಿ ಬೆಳೆದೋನು ಮೇಡಂ. ಪುಸ್ತಕದ ಹುಳ. ತೋಟದ ವಿಷಯ ನಂಗೇನು ಗೊತ್ತು? ಅಂದಾಜಲ್ಲಿ ಬರೆದೆ.”

ಇರಬಹುದು. ಇಲ್ಲದಿರಲೂಬಹುದು. ಗಂಗಮ್ಮ ಅವನ ವಿಳಾಸ ಬರೆದುಕೊಂಡಳು.

* * *

ಮಾರನೆಯ ದಿನ ಬೆಳಿಗ್ಗೆ ಅವಳು ಕಿಬ್ಬನಹಳ್ಳಿಗೆ ಹೋದಳು. ದಯಾನಂದ್‌ನ ಮನೆ ಹೆದ್ದಾರಿಯಿಂದ ಒಳಗೆ, ತೋಟದ ಅಂಚಿನಲ್ಲಿತ್ತು. ಹೇಳಿಕೆಗೆ ಸಹಿ ಬೇಕು ಎಂಬುದು ನೆಪ.

ತಾಯಿ ಕಲ್ಲಮ್ಮ ಬಾಗಿಲಿಗೆ ಬಂದು ಒಳಗೆ ಕರೆದರು. ನಡುಮನೆಯ ನೆತ್ತಿಯ ಮೇಲೇ ಅಟ್ಟ. ಹಲಗೆಯ ಸಂದಿಯಲ್ಲಿ ಕಾಯಿಗಳ ತಳ ಕಾಣುತ್ತಿತ್ತು. ಕೆಳಗೆ ಮೂಲೆಯಲ್ಲಿ ಇಳಿಸಿದ ಕಾಯಿಗಳ ಸಣ್ಣ ಗುಡ್ಡೆ. ದಯಾನಂದ್ ಪೆನ್ನು ಹಿಡಿದು ಸಹಿ ಹಾಕುತ್ತಿದ್ದ.

ಗಂಗಮ್ಮ ಗುಡ್ಡೆಯಿಂದ ಒಂದು ಕಾಯಿ ತೆಗೆದುಕೊಂಡಳು. ಅಲ್ಲಾಡಿಸದಿದ್ದರೂ ತೂಕದಲ್ಲೇ ಗೊತ್ತಾಗಿತ್ತು, ಅದು ಹಸಿ. “ಅಮ್ಮಾ, ಇದು ಚೆನ್ನಾಗಿ ಕೊಬ್ಬರಿ ಆಗೈತೆ. ಸುಲಿಸಿ ಕೊಡ್ತೀರಾ? ಮನೆಗೆ ಒಯ್ತೀನಿ.”

ಕಲ್ಲಮ್ಮ ಬಾಯಿ ತೆರೆಯುವ ಮೊದಲೇ ದಯಾನಂದ್ ಬಂದು ಅವಳ ಕೈಯಿಂದ ಕಾಯಿ ತೆಗೆದುಕೊಂಡ. ಕಿವಿಯ ಹತ್ತಿರ ಹಿಡಿದು ಎರಡು ಸಲ ಅಲ್ಲಾಡಿಸಿದ.

“ಎಲ್ಲಾಯ್ತು ಮೇಡಂ? ನೀರಿನ್ನೂ ಇಂಗಿಲ್ಲ. ಇನ್ನೆರಡು ತಿಂಗಳು ಅಟ್ಟದಾಗೆ...”

ಮಾತು ಅಲ್ಲೇ ನಿಂತಿತು. ಕಾಯಿ ಕೈಯಲ್ಲೇ ಉಳಿಯಿತು.

“ನಮ್ ದಯನ ಕಿವಿ ಅಂದ್ರೆ ಕಿವಿ ಕಣವ್ವ,” ಎಂದರು ಕಲ್ಲಮ್ಮ ಹೆಮ್ಮೆಯಿಂದ. “ಆರು ವರ್ಸದೋನು ಇದ್ದಾಗ್ಲೇ ಅಟ್ಟ ಹತ್ತಿ, ಯಾವುದು ಆಗೈತೆ, ಯಾವುದು ಇಲ್ಲ ಅಂತ ಹೇಳೋನು.”

“ಇವರು ಹಾಸ್ಟೆಲ್ಲಲ್ಲಿ ಬೆಳೆದೋರಲ್ವಾ?” ಎಂದಳು ಗಂಗಮ್ಮ.

“ಹಾಸ್ಟ್ಲಾ? ಯಾವ ಹಾಸ್ಟ್ಲು? ಒಂದಿನಾನೂ ಮನೆ ಬಿಟ್ಟೋನಲ್ಲ.”

ಗಂಗಮ್ಮ ಆ ತಾಯಿಯ ಮುಖ ನೋಡಲಾರದೆ ಹೊರಗೆ ಬಂದಳು. ಜೀಪಿನ ಬಾಗಿಲನ್ನು ರಪ್ಪನೆ ಹಾಕಿದಳು.

* * *

ಶನಿವಾರ ಮಧ್ಯಾಹ್ನ ಎಲ್ಲರನ್ನೂ ಕಲ್ಯಾಣಮಂಟಪಕ್ಕೆ ಕರೆಸಿದಳು. ಅಂಕದ ಬೋರ್ಡು ಇನ್ನೂ ಗೋಡೆಯ ಮೇಲಿತ್ತು.

“ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡನಂತೆ ಒಬ್ಬ,” ಎಂದು ಶುರುಮಾಡಿದಳು ಗಂಗಮ್ಮ. “ಇಲ್ಲಿ ಯಾರೂ ಯಾರನ್ನೂ ಕಳ್ಳ ಅಂದಿರ್ಲೇ ಇಲ್ಲ. ಲಕೋಟೆ ಬಿಚ್ಚಿದ್ದಾರೆ ಅನ್ನೋದೇ ಗೊತ್ತಿರ್ಲಿಲ್ಲ. ಸೌಂದರ್ಯ, ನೀವು ಲಕೋಟೆ ಬಾಯಿ ತೆಗೆದ್ರಾ?”

“ಇಲ್ಲ ಮೇಡಂ. ಅಂಚು ಕತ್ತರಿಸಿದೆ. ಬಾಯಿ ಬಿಡಿಸಿದ್ದು ದಯಾನಂದ್ ಸರ್ ಕೂಗಿದ ಮೇಲೆ.”

“ಬಾಯಿ ಅಂಟಿತ್ತು. ಮೇಜಿಗೆ ಮುಖ ಮಾಡಿ ಬಿದ್ದಿತ್ತು. ಹತ್ತಡಿ ದೂರ ನಿಂತೋರಿಗೆ ಒಳಗಿನ ಅಗುಳು ಹೆಂಗ್ ಕಾಣ್ತು ದಯಾನಂದ್?”

ಅವನು ಕಣ್ಣು ಪಿಳುಕಿಸಿದ. “ಅಂದಾಜು...”

“ನಿಮ್ಮ ಅಂದಾಜುಗಳು ಭಾರಿ ಕಣ್ರೀ. ಕಣ ಅಂತ ಬರೆದದ್ದೂ ಅಂದಾಜೇ. ನಿನ್ನೆ ಕಾಯಿ ಅಲ್ಲಾಡಿಸಿ ಇನ್ನೆರಡು ತಿಂಗಳು ಅಂದಿದ್ದೂ ಅಂದಾಜಾ? ಅಟ್ಟದ ಕೆಳಗೆ ತೊಟ್ಟಿಲಲ್ಲಿ ಮಲಗಿ ಬೆಳೆದೋನು ಉಂಡೆ ಕೊಬ್ಬರಿ ಕಣದಲ್ಲಿ ಆಗುತ್ತೆ ಅಂತ ಬರೀಬೇಕಾದ್ರೆ ಒಂದೇ ಕಾರಣ. ಚೀಟೀಲಿ ಹಂಗಿತ್ತು. ನಿಜ ಬರೆದ್ರೆ ಅಂಕ ಇಲ್ಲ, ಸುಳ್ಳು ಬರೆದ್ರೆ ಗೆಲುವು. ಗೊತ್ತಿದ್ದೂ ಸುಳ್ಳು ಬರೆದ್ರಿ. ಚೀಟಿ ನೋಡದ ಈ ಇಬ್ಬರು ಹೆಣ್ಣುಮಕ್ಕಳು ಗೊತ್ತಿದ್ದನ್ನ ಬರೆದ್ರು.”

ದಯಾನಂದ್ ಬಾಗಿಲ ಕಡೆ ನೋಡಿದ. ಗಂಗಮ್ಮ ಬಿಡಲಿಲ್ಲ.

“ಸುಮ್ನೆ ಮನೆಗೆ ಹೋಗಿದ್ರೆ ಬಚಾವಾಗ್ತಿದ್ರಿ. ಸೋತ ಉರಿ ತಡೀಲಿಲ್ಲ. ಈಕೆ ಗೆದ್ದಿದ್ದನ್ನ ಕಿತ್ಕೋಬೇಕಿತ್ತು. ಅದಕ್ಕೆ ನಿಮ್ಮ ಕಳ್ಳತನಾನ ನೀವೇ ಎತ್ತಿ ತೋರಿಸಿ, ಈಕೆ ತಲೆಗೆ ಕಟ್ಟಿದ್ರಿ.”

ದಯಾನಂದ್ ಕುರ್ಚಿಯಲ್ಲಿ ಕುಸಿದ. “ಸೆಂಟರ್‌ಗೆ ಒಂದು ಹೆಸರು ಬರ್ಲಿ ಅಂತ... ಅಂಟು ಸಿಗಲಿಲ್ಲ. ಮುಚ್ಚಳದಲ್ಲಿ ಅನ್ನ ಉಳಿದಿತ್ತು. ಕೇಸ್ ಬೇಡ ಮೇಡಂ, ಮಕ್ಕಳಿಗೆ ಪಾಠ ಹೇಳೋನು ನಾನು.”

“ನಾನೂ ಮಕ್ಕಳಿಗೆ ಪಾಠ ಹೇಳೋಳೇ!” ಸುನಂದಾ ಸಿಡಿದಳು. ಎರಡು ದಿನ ನುಂಗಿಕೊಂಡದ್ದೆಲ್ಲ ಒಮ್ಮೆಗೇ ಬಂತು. “ಹಸಿವು ಅಂದ್ಯಲ್ಲಣ್ಣ, ನನ್ನ ಪಾಲಿಂದ ಹಾಕ್ಕೊಟ್ಟೆ. ಉಂಡ ಮನೆಗೆ ಎರಡು ಬಗೆಯೋರು ಇರ್ತಾರೆ ಅಂತ ಕೇಳಿದ್ದೆ. ತಿಂದ ಅಗುಳಲ್ಲೇ ಮಸಿ ಬಳಿಯೋನ್ನ ಇವತ್ತೇ ಕಂಡಿದ್ದು!”

ಸಿದ್ದಾರ್ಥ್ ಕೆಮ್ಮಿದ. “ಆಯ್ತು ಮೇಡಂ. ತಪ್ಪಾಯ್ತು. ಆ ವಿಡಿಯೋ ತೆಗೆದುಹಾಕ್ತೀವಿ. ಬಹುಮಾನ ಇವರಿಗೇ. ಇಲ್ಲಿಗೆ ಮುಗಿಸೋಣ.”

“ತೆಗೆದುಬುಟ್ರೆ ನೋಡ್ದೋರ ತಲೆಯಿಂದ ಹೋಗ್ತದಾ?” ಎಂದಳು ಸುನಂದಾ. “ನೀವೇ ಅದೇ ಪೇಜಲ್ಲಿ ಹೇಳ್ಬೇಕು. ನಿಮ್ಮ ಬಾಯಲ್ಲೇ ಹೇಳ್ಬೇಕು.”

“ಅದು ನಮ್ಮ ಫಾರ್ಮ್ಯಾಟ್‌ನಲ್ಲಿ...”

“ಲೈಟ್ ಹಾಕ್ರೀ,” ಎಂದಳು ಗಂಗಮ್ಮ ಲೈಟಿನವನಿಗೆ. ಆ ದನಿಗೆ ಅವನು ನಿರ್ಮಾಪಕನ ಮುಖವನ್ನೂ ನೋಡದೆ ಸ್ವಿಚ್ ಒತ್ತಿದ.

ಸಿದ್ದಾರ್ಥ್ ನಿರೂಪಕಿಯ ಜಾಗದಲ್ಲಿ ನಿಂತು, ಹಾಳೆಯಲ್ಲಿ ನಾಲ್ಕು ಸಾಲು ಗೀಚಿಕೊಂಡು ಓದಿದ. “ಸ್ಪರ್ಧಿಯೊಬ್ಬರ ಮೇಲೆ ನಾವು ವ್ಯಕ್ತಪಡಿಸಿದ ಅನುಮಾನ ಆಧಾರರಹಿತ ಎಂದು ತಿಳಿದುಬಂದಿದೆ. ಆದ ಅನಾನುಕೂಲಕ್ಕೆ ವಿಷಾದಿಸುತ್ತೇವೆ.”

ಹಾಳೆ ಮಡಚಿ ಇಳಿಯಲು ಹೊರಟ.

“ನಿಲ್ಲಿ,” ಎಂದಳು ಸುನಂದಾ. ಕ್ಯಾಮೆರಾದ ಪಕ್ಕದಲ್ಲಿ ಸೆರಗು ಬಿಗಿದು ನಿಂತಿದ್ದಳು. “ಕಳ್ಳಿ ಅಂತ ತೋರ್ಸೋವಾಗ ನನ್ನ ಮುಖ ಇತ್ತು, ನನ್ನ ಊರಿತ್ತು. ಈಗ ಸ್ಪರ್ಧಿಯೊಬ್ಬರು ಅಂದ್ರೆ ಯಾರು? ನನಗೊಂದು ಹೆಸರೈತೆ. ಅದನ್ನ ಹೇಳಿ ಮತ್ತೆ ಓದಿ.”

ಸಿದ್ದಾರ್ಥ್ ಗಂಗಮ್ಮನ ಕಡೆ ನೋಡಿದ. ಗಂಗಮ್ಮ ಕೈಕಟ್ಟಿ ನಿಂತಿದ್ದಳು. ಅವನು ಹಾಳೆ ಬಿಡಿಸಿ, ಮೊದಲಿನಿಂದ ಓದಲು ಶುರುಮಾಡಿದ.