ಪ್ರಾಯಕ್ಕೆ ಬಂದ ಪುಂಡ

"ಏನಂದ್ರಿ? ಪುಂಡನ್ನ ಮಾರಿಬಿಟ್ರಾ?!"

ಅವಳ ಕೈಯಲ್ಲಿದ್ದ ಸೀಗಡಿಯ ಬಕೆಟ್ ಜಾರಿ ನೆಲಕ್ಕೆ ಬಿತ್ತು.

ಅಕ್ವೇರಿಯಂನ ಮ್ಯಾನೇಜರ್ ಒಂದು ಹೆಜ್ಜೆ ಹಿಂದೆ ಸರಿದರು. "ನನ್ನ ಮೇಲೆ ಯಾಕಮ್ಮಾ ರೇಗ್ತೀರಿ? ಅವನು ಪ್ರಾಯಕ್ಕೆ ಬಂದಿದ್ದಾನೆ ಅಂತ ಡಾಕ್ಟರೇ ಹೇಳಿದ್ದು. ಮರಿ ಮಾಡಿಸೋಕೆ ಬೇಕು ಅಂತ ದೂರದ ಅಕ್ವೇರಿಯಂನವರು ಕೇಳಿದ್ರು. ನಿಮಗೆ ಗೊತ್ತಿರುತ್ತೆ ಅಂದ್ಕೊಂಡೆ... ಡಾಕ್ಟರನ್ನ ಮದುವೆ ಆಗೋರು ತಾನೆ ನೀವು!"

ಗೊತ್ತಿರಲಿಲ್ಲ... ಅವಳಿಗೆ ಏನೇನೂ ಗೊತ್ತಿರಲಿಲ್ಲ!

ಬಲೆಗೆ ಸಿಕ್ಕಿ ಗಾಯಗೊಂಡು ಬಂದಾಗ, ಪುಂಡ ಎಂಬ ಆ ಚಪ್ಪಟೆ ಮಾಂಟಾ ರೇ ಮೀನು ಅವಳು ತೋಳು ಚಾಚಿದಷ್ಟೇ ಅಗಲವಿತ್ತು. ಈಗ ಅದರ ಎರಡರಷ್ಟು. ಉಣಿಸಿ ಬೆಳೆಸಿದವಳು ಅವಳು. ಗಾಯಕ್ಕೆ ಮದ್ದು ಮಾಡಿದವನು ಅವನು, ಮೀನುಗಳ ಡಾಕ್ಟರ್. ಆ ತೊಟ್ಟಿಯ ಅಂಚಿನಲ್ಲೇ ಇಬ್ಬರ ಮನಸ್ಸು ಕೂಡಿದ್ದು. 'ಇವನು ದೊಡ್ಡವನಾದ ಕೂಡಲೇ ಕಡಲಿಗೆ ಬಿಡೋಣ, ನಿನ್ನಾಣೆ' ಎಂದು ಅವಳ ತಲೆ ಮುಟ್ಟಿ ಹೇಳಿದವನೂ ಅವನೇ.

ಬಾಗಿಲು ತಳ್ಳಿಕೊಂಡು ಅವನ ಕೋಣೆಗೆ ನುಗ್ಗಿದಳು. "ನನ್ನ ಮುಖ ನೋಡಿ ಹೇಳು. ಯಾವಾಗಿಂದ ಗೊತ್ತು ನಿನಗೆ?"

ಅವನು ತಲೆಯೆತ್ತಲಿಲ್ಲ. "ಹೋದ ತಿಂಗಳಿಂದ... ಬಾಲದ ಬುಡದಲ್ಲಿರೋ ಗಂಡಿನ ಜೋಡಿ ಅಂಗ ಉದ್ದ ಬೆಳೆದು ಗಟ್ಟಿಯಾಗಿದೆ. ತೊಟ್ಟಿಯಲ್ಲಿರೋ ಹೆಣ್ಣು ಮೀನಿನ ಬೆನ್ನು ಬಿದ್ದಿದ್ದಾನೆ. ಅವಳಿನ್ನೂ ಬಲಿತಿಲ್ಲ. ಅವಳ ರೆಕ್ಕೆಯ ತುದಿ ಕಚ್ಚಿಬಿಟ್ಟ."

"ಆ ಗಾಯ ಗೋಡೆಗೆ ತಾಗಿ ಆಗಿದ್ದು ಅಂದೆ ನೀನು! ನಾನು ಹುಚ್ಚಿ ಥರ ಗೋಡೆಗೆಲ್ಲಾ ಮೆತ್ತೆ ಕಟ್ಟಿಸ್ತಿದ್ದೆ. ಪಕ್ಕದಲ್ಲಿ ನಿಂತು ನೋಡ್ತಾ ಇದ್ಯಲ್ಲೋ!"

"ಹೇಳಿದ್ರೆ ನೀನು ಮಾಲೀಕರ ಹತ್ರ ಜಗಳಕ್ಕೆ ನಿಲ್ತಿದ್ದೆ. ನಿನ್ನ ಕೆಲಸ ಹೋಗೋದು..."

"ನನಗೋಸ್ಕರ ಅಂತ ಮಾತ್ರ ಹೇಳ್ಬೇಡ!"

ಅವಳು ಬಾಗಿಲ ಕಡೆ ತಿರುಗಿದಳು. ಕೆಲಸ ಹೋದರೆ ಇನ್ನೊಂದು ಹುಡುಕಬಹುದಿತ್ತು. ಇವನನ್ನು ಕಣ್ಣುಮುಚ್ಚಿ ನಂಬಿದ್ದೆನಲ್ಲ... ಆ ನಂಬಿಕೆಯನ್ನು ಎಲ್ಲಿ ಹುಡುಕಲಿ?

ಆಮೇಲೆ ಅವಳು ಅವನೊಂದಿಗೆ ಮಾತು ಬಿಟ್ಟಳು.

ಪುಂಡನನ್ನು ಒಯ್ಯಲು ಲಾರಿ ಬಂದಾಗ ಡಾಕ್ಟರ್ ತೊಟ್ಟಿಗೆ ಅಡ್ಡ ನಿಂತ.

"ಇಷ್ಟು ದೂರದ ದಾರಿ ಇವನು ತಡ್ಕೊಳ್ಳಲ್ಲ. ನಾನು ಒಪ್ಪಿಗೆ ಕೊಡಲ್ಲ. ಹೆದರಿ ಬಾಯಿ ಮುಚ್ಕೊಂಡಿದ್ದೆ, ತಪ್ಪು ನನ್ನದು!"

ಮಾಲೀಕರು ಕೂಗಾಡಿದರು. ದಾರಿಯಲ್ಲೇ ಸತ್ತರೆ ಯಾರು ಹೊಣೆ ಎಂದು ಕೊಳ್ಳಲು ಬಂದವರು ಖಾಲಿ ಲಾರಿಯಲ್ಲಿ ಹಿಂದಿರುಗಿದರು. ಪುಂಡನನ್ನೂ ಆ ಹೆಣ್ಣನ್ನೂ ಒಂದೇ ತೊಟ್ಟಿಯಲ್ಲಿಡುವಂತಿರಲಿಲ್ಲ, ಬೇರೆ ತೊಟ್ಟಿಯೂ ಇರಲಿಲ್ಲ. ಮಾಲೀಕರು ಗೊಣಗುತ್ತಲೇ ಅವನನ್ನು ಕಡಲಿಗೆ ಬಿಡಲು ದೋಣಿ ತರಿಸಿದರು.

ಕಡಲಿನ ನಡುವೆ ಪುಂಡ ತನ್ನನ್ನು ಹೊತ್ತು ತಂದ ಹಾಸುಬಟ್ಟೆಯಿಂದ ನೀರಿಗೆ ಜಾರಿದ. ಒಮ್ಮೆ ರೆಕ್ಕೆ ಬಡಿದ. ಅಷ್ಟೇ... ಹೋಗಿಯೇಬಿಟ್ಟ! ಅವಳು ಬಿಕ್ಕಿ ಬಿಕ್ಕಿ ಅತ್ತಳು.

ದೋಣಿಯ ಇನ್ನೊಂದು ತುದಿಯಲ್ಲಿ ಅವನು ಮುದುರಿ ಕೂತಿದ್ದ.

"ನಿನ್ನ ಕೆಲಸ ಹೋಯ್ತಂತೆ?" ಕಣ್ಣೊರೆಸಿಕೊಂಡು ಕೇಳಿದಳು.

"ಹೂಂ."

"ಅದನ್ನೂ ಮ್ಯಾನೇಜರೇ ಹೇಳ್ಬೇಕಾಯ್ತು ನೋಡು!"

"ಇನ್ಮೇಲೆ ಕೆಟ್ಟ ಸುದ್ದಿನೆಲ್ಲ ಮೊದಲು ನಿನಗೇ ಹೇಳ್ತೀನಿ. ಒಂದು ಈಗಲೇ ಇದೆ... ನೀನಿಲ್ಲದೆ ನನ್ನ ಕೈಲಿ ಇರೋಕಾಗಲ್ಲ."

"ಇದು ಕೆಟ್ಟ ಸುದ್ದಿನಾ?"

"ನನಗಲ್ಲ. ನಿನಗೆ."

ಅವಳಿಗೆ ನಗು ಬಂತು, ಜೊತೆಗೆ ಅಳುವೂ.

"ನಿನ್ನ ನಂಬೋಕೆ ನನಗೆ ತುಂಬಾ ಸಮಯ ಬೇಕು ಕಣೋ."

"ಎಷ್ಟು ಬೇಕೋ ಅಷ್ಟು ತಗೋ."

"ಅಲ್ಲಿ ಯಾಕೆ ಅಲೆ ನೀರಲ್ಲಿ ನೆನೀತಾ ಕೂತಿದ್ದೀಯ?" ಎಂದು ಅವಳು ಸ್ವಲ್ಪ ಸರಿದು ಕೂತಳು. "ಬಾ, ಇಲ್ಲಿ ಬಾ."