ಸುಲೋಚನಮ್ಮನ ಚೀಲದ ಕಪ್ಪೆ

ಎಪ್ಪತ್ತೊಂಬತ್ತರ ಜುಲೈನಲ್ಲಿ ಸುಲೋಚನಮ್ಮ ಬಲಗೈಗೆ ಪ್ಲಾಸ್ಟರು ಹಾಕಿಸಿಕೊಂಡು ಅಜ್ಜಂಪುರದ ಷಣ್ಮುಖಪ್ಪನವರ ಮನೆಗೆ ಬಂದಳು. ಷಣ್ಮುಖಪ್ಪನವರು ನಿವೃತ್ತ ಪೋಸ್ಟ್ ಮಾಸ್ಟರು. ಊರಲ್ಲಿ ಏನೇ ಕಳುವಾದರೂ ಜನ ಮೊದಲು ಹುಡುಕುತ್ತಿದ್ದುದು ಅವರನ್ನು. ಅವರ ಕೈಕೆಳಗೆ ಟಪಾಲು ಹಂಚಿದ ಹೊನ್ನಯ್ಯ ನಾನು, ಆಗಲೂ ಅವರ ಬೆನ್ನು ಬಿಟ್ಟಿರಲಿಲ್ಲ.

ಲಕ್ಕವಳ್ಳಿಯ ಕಚೇರಿಯೊಂದರ ಗುಮಾಸ್ತೆ ಕೆಲಸಕ್ಕೆ ಕಡೂರಿನಲ್ಲಿ ಪರೀಕ್ಷೆಯಿತ್ತು. ಹೊರಟವಳು ರೈಲ್ವೆ ಸ್ಟೇಷನ್ನಿನಲ್ಲಿ ಚೀಲಕ್ಕೆ ಕೈಹಾಕಿದಾಗ ಕಪ್ಪೆಯೊಂದು ಮೈಮೇಲೆ ಹಾರಿತು. ಬೆದರಿ ಮೆಟ್ಟಿಲಿಂದ ಬಿದ್ದು ಕೈ ಮುರಿಯಿತು, ಪರೀಕ್ಷೆ ತಪ್ಪಿತು. ವಯಸ್ಸಿನ ಮಿತಿಯ ಲೆಕ್ಕದಲ್ಲಿ ಅದೇ ಕೊನೆಯ ಅವಕಾಶ. ಜೊತೆಗಿದ್ದು ತಾನು ಮಾತ್ರ ಪರೀಕ್ಷೆ ಬರೆದ ಗೆಳತಿ ವಿಮಲಮ್ಮನನ್ನು ಊರೆಲ್ಲ ಬೈಯುತ್ತಿತ್ತು.

“ವಿಮಲನೇ ಮಾಡಿದ್ಲಾ? ಅದೊಂದು ಹೇಳ್ಬಿಡಿ. ಅವಳ ಮುಖ ನೋಡೋಕಾಗ್ತಿಲ್ಲ ನಂಗೆ.”

“ಕಪ್ಪೆ ಕಂಡ್ರೆ ನಿಂಗೆ ಭಯ ಅಂತ ಯಾರಿಗೆ ಗೊತ್ತು?” ಎಂದರು ಷಣ್ಮುಖಪ್ಪನವರು.

ಯಾರಿಗೂ ಇಲ್ಲವಂತೆ. ಗದ್ದೆ ಕೆಲಸದವರ ಮನೆಯಲ್ಲಿ ಹುಟ್ಟಿ ಕಪ್ಪೆಗೆ ಹೆದರುತ್ತೇನೆಂದರೆ ನಗುತ್ತಾರೆಂದು ತಾಯಿಗೂ ಹೇಳಿರಲಿಲ್ಲ. ಬರೆದದ್ದು ಪರೀಕ್ಷೆಗೆಂದು ಸೇರಿದ್ದ ಇಂಗ್ಲಿಷ್ ಟ್ಯೂಷನ್ನಿನ ನೋಟ್‌ಬುಕ್ಕಿನಲ್ಲಿ ಮಾತ್ರ. ಕನ್ನಡದಲ್ಲಾದರೆ ನಮಗೆ ಭಯ ಆಗುತ್ತದೆ, ನೆಗಡಿ ಆದ ಹಾಗೆ, ಇಂಗ್ಲಿಷಿನವರು ‘ಐ ಆಮ್ ಅಫ್ರೇಡ್ ಆಫ್’ ಎಂದು, ಹೆದರಿದವನು ನಾನೇ ಎಂದು ಒಪ್ಪಿಕೊಂಡೇ ಶುರುಮಾಡುತ್ತಾರೆ ಎಂದು ಈರಭದ್ರಪ್ಪ ಮೇಷ್ಟ್ರು ಪಾಠ ಮಾಡಿ, ನಿಮ್ಮ ನಿಮ್ಮ ಭಯ ಬರೆಯಿರಿ ಎಂದಿದ್ದರು. ಕನ್ನಡದಲ್ಲಿ ಬಾಯಿಬಿಡದವಳು ಇಂಗ್ಲಿಷಿನಲ್ಲಿ ನಿಜ ಬರೆದಳು. ಪುಸ್ತಕ ಓದುತ್ತಿದ್ದವರು ಮೇಷ್ಟ್ರೊಬ್ಬರೇ. ಅವರು ಪರೀಕ್ಷೆಗೆ ಎರಡು ದಿನ ಮೊದಲೇ ಮಗಳ ಮನೆಗೆ ಬೀರೂರಿಗೆ ಹೋಗಿದ್ದರು. ಚೀಲ ರಾತ್ರಿಯೆಲ್ಲ ಮನೆಯ ಗೂಟದಲ್ಲೇ ಇತ್ತು.

ನೋಟ್‌ಬುಕ್ಕು ತರಿಸಿ ನೋಡಿದೆವು. ಕಲಿಯುವವರು ದೊಡ್ಡವರಾದರೂ ಮೇಷ್ಟ್ರು ಶಾಲೆಯ ಮಕ್ಕಳನ್ನು ಕೇಳುವಂತೆ ಪ್ರತಿ ಪುಟಕ್ಕೂ ಮನೆಯವರ ರುಜು ಕೇಳುತ್ತಿದ್ದರು. ಗಂಡ ದೇವೀರಪ್ಪ ಬಟ್ಟೆ ಅಂಗಡಿಯವನು, ಇಂಗ್ಲಿಷ್ ಅಕ್ಷರವೇ ಗೊತ್ತಿಲ್ಲ ಎನ್ನುತ್ತಿದ್ದವನು. ಎಲ್ಲ ಪುಟಗಳಿಗೂ ಕನ್ನಡದಲ್ಲಿ ರುಜು ಹಾಕಿದ್ದ. ನಡುವಿನ ಒಂದು ಹಾಳೆಯ ಎರಡೂ ಬದಿಗೆ ಮಾತ್ರ ರುಜು ಇರಲಿಲ್ಲ. ಕೆಲಸ ಸಿಕ್ಕರೆ ಲಕ್ಕವಳ್ಳಿಗೆ ಒಬ್ಬಳೇ ಹೋಗುತ್ತೇನೆ ಎಂದು ಅದು ಶುರುವಾಗಿತ್ತು. ಮರೆತಿರಬೇಕು ಎಂದುಕೊಂಡೆ ಪೆದ್ದನಾದ ನಾನು.

ಮರುದಿನ ಸಂಜೆ ಎಲ್ಲರನ್ನೂ ಕರೆಸಿ ಕೂರಿಸಿದರು. ವಿಮಲಮ್ಮ ಆ ಪುಸ್ತಕ ಕಂಡವಳಲ್ಲ, ಮೇಷ್ಟ್ರು ಊರಲ್ಲೇ ಇರಲಿಲ್ಲ ಎಂದು ಒಬ್ಬೊಬ್ಬರನ್ನೇ ಬಿಡಿಸಿ, ಷಣ್ಮುಖಪ್ಪನವರು ದೇವೀರಪ್ಪನ ಮುಂದೆ ಆ ಹಾಳೆ ಹಿಡಿದರು.

“ಓದೋಕ್ಬಾರ್ದೋನು ಎಲ್ಲಾದಕ್ಕೂ ರುಜು ಹಾಕ್ತಾನೆ. ಇದೊಂದನ್ನೇ ಹೆಂಗಪ್ಪಾ ಆರಿಸಿ ಬಿಟ್ಟೆ? ಇದನ್ನ ಓದಿದೋನು ಕಪ್ಪೆ ಪುಟಾನೂ ಓದಿರ್ಬೇಕಲ್ಲ.”

ಅವನು ತಲೆಯೆತ್ತಲಿಲ್ಲ. “ಪಿಯುಸಿ ಇಂಗ್ಲಿಷಲ್ಲಿ ಮೂರ್ಸಲ ಫೇಲು. ನಾಚಿಕೆಯಾಗಿ ಓದೇ ಇಲ್ಲ ಅಂದ್ಬಿಟ್ಟಿದ್ದೆ. ರೈಲು ತಪ್ಪಿದ್ರೆ ಸಾಕಿತ್ತು. ಬಿಟ್ಟೋಗ್ತಾಳೆ ಅಂತ ಭಯ ಕಣ್ರೀ.”

ಇವನ ಜನ್ಮಕ್ಕಿಷ್ಟು ಎನಿಸಿತು ನನಗೆ. ಚೀಲದಲ್ಲಿ ಕಪ್ಪೆ ಇಟ್ಟವನನ್ನು ಯಾವ ಠಾಣೆಯವರು ಹಿಡಿಯುತ್ತಾರೆ?

ಸುಲೋಚನಮ್ಮ ವಿಮಲಮ್ಮನ ಕೈ ಹಿಡಿದುಕೊಂಡಳು. ಆಮೇಲೆ ಗಂಡನ ಕಡೆ ತಿರುಗಿದಳು.

“ಹಿಂದ್ಗಡೆ ಓದ್ಲಿಲ್ವಾ? ಮನೆ ಹುಡ್ಕಿ ಆರು ತಿಂಗಳಿಗೆ ನಿಮ್ಮನ್ನೂ ಕರೆಸ್ಕೊಂತೀನಿ ಅಂತ ಬರ್ದಿದ್ದೆ.”

ಅಂದು ಮುಂಬದಿ ಓದಿ ಪುಸ್ತಕ ಮುಚ್ಚಿದ್ದ ದೇವೀರಪ್ಪ ಹಾಳೆ ತಿರುವಿರಲೇ ಇಲ್ಲ.